ನಾಲ್ಕನೇ ದಿನದ ಅರಿಶಿನ

ಸಿದ್ದಮ್ಮನಿಗೆ ಜನರ ಮುಖಕ್ಕಿಂತ ಬೆನ್ನು ಚೆನ್ನಾಗಿ ನೆನಪಿರುತ್ತಿತ್ತು. ದಂಡಿನಶಿವರದಲ್ಲಿ ಬಸ್ಸಿಗೆ ಕಾಯುವಾಗ ಮೀಸೆ ಹೊತ್ತ ಗಂಡಸು ಯಾರಾದರೂ ಬಂದು ನಮಸ್ಕಾರ ಮಾಡಿದರೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಆಮೇಲೆ ನಾಲ್ಕು ಜನರ ಎದುರಿಗೇ ಕೇಳಿಬಿಡುತ್ತಿದ್ದಳು.

"ಬೆನ್ನಲ್ಲಿ ಎಡಗಡೆ ರೆಕ್ಕೆ ಕೆಳಗೆ ಹುಣಸೇಬೀಜದಂಥ ಮಚ್ಚೆ ಇರೋನಲ್ವೇನ್ಲಾ ನೀನು? ನೀರು ಹುಯ್ದರೆ ಉಸಿರು ಕಟ್ಕೊಂಡು ನೀಲಿಗಟ್ತಿದ್ದೆ!"

ಗಂಡಸು ನಾಚಿ ನಗುತ್ತಿದ್ದ. ಸುತ್ತಲಿನವರೂ ನಗುತ್ತಿದ್ದರು. ಅವರಲ್ಲಿ ಅರ್ಧ ಜನ ಅವಳ ಕಾಲ ಮೇಲೆ ಮಲಗಿ ಎಣ್ಣೆ ನೀರು ಹಾಕಿಸಿಕೊಂಡವರೇ.

ಎಳೆಮಕ್ಕಳಿಗೆ ಎರೆಯುವುದು ಅವಳ ಕೆಲಸ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅತ್ತೆಯಿಂದ ಕಲಿತದ್ದು. ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಮಗುವನ್ನು ಮೊಣಕಾಲಿಂದ ಪಾದದವರೆಗೆ ಬೋರಲು ಮಲಗಿಸಿಕೊಳ್ಳುತ್ತಿದ್ದಳು. ತೆಂಗಿನ ಮಟ್ಟೆ, ಕರಟ ಉರಿಸಿ ಕಾಯಿಸಿದ ನೀರು. ಹರಳೆಣ್ಣೆ, ಹೆಸರುಹಿಟ್ಟು, ಕೊನೆಗೆ ಮೈಗೆಲ್ಲ ತೆಳ್ಳಗೆ ಅರಿಶಿನ. ಹೆಬ್ಬೆರಳಿನಿಂದ ಮೂಗಿನ ಏಣು ತೀಡಿ, ಅಂಗಾಲು ತಟ್ಟಿ, ಸಾಂಬ್ರಾಣಿಯ ಹೊಗೆ ತೋರಿಸಿ ತಾಯಿಯ ಕೈಗಿಡುವ ಹೊತ್ತಿಗೆ ಮಗು ನಿದ್ದೆ ಹೋಗಿರುತ್ತಿತ್ತು. ಮನೆಗೆ ಬಂದಾಗ ಅವಳ ಸೀರೆ ಯಾವಾಗಲೂ ಮೊಣಕಾಲಿನ ತನಕ ಒದ್ದೆ. ಮಗ ರಂಗರಾಜು ತೋಟಗಳಲ್ಲಿ ಕಾಯಿ ಸುಲಿಯಲು ಹೋಗುತ್ತಿದ್ದವನು, "ಇಡೀ ಊರೇ ನನ್ನ ಒಡಹುಟ್ಟು ಕಣ್ರೀ" ಎಂದು ನಗೆಯಾಡುತ್ತಿದ್ದ.

ಹೆರಿಗೆಗಳು ತುರುವೇಕೆರೆ, ತಿಪಟೂರಿನ ಆಸ್ಪತ್ರೆಗಳಿಗೆ ಹೋದ ಮೇಲೂ ಅವಳ ಕೆಲಸ ಉಳಿದಿತ್ತು. ಮೂರನೇ ದಿನಕ್ಕೆ ಬಾಣಂತಿ ಮನೆಗೆ ಬರುವಳು, ನಾಲ್ಕನೇ ದಿನ ಸಿದ್ದಮ್ಮನಿಗೆ ಕರೆ ಬರುವುದು. ಊರಿನ ಆರೋಗ್ಯ ಉಪಕೇಂದ್ರಕ್ಕೆ ಚೈತ್ರ ಎಂಬ ಹುಡುಗಿ ಕೆಲಸಕ್ಕೆ ಬಂದು, ಟ್ಯಾಬಿನಲ್ಲಿ ದೂರದ ಊರಿನ ಡಾಕ್ಟರನ್ನು ತೋರಿಸಲು ಶುರು ಮಾಡಿದಾಗ ಮೊದಲು ನಂಬಿದವಳೂ ಸಿದ್ದಮ್ಮನೇ. ಕಾಯಿ ಸುಲಿಯುವ ಕಬ್ಬಿಣದ ಮೊಳೆ ರಂಗರಾಜುವಿನ ಅಂಗೈಗೆ ಹೊಕ್ಕು ಕೀವಾಗಿದ್ದಾಗ ಅದೇ ಟ್ಯಾಬಿನಲ್ಲಿ ನೋಡಿದ ಡಾಕ್ಟರು ಬರೆಸಿದ ಗುಳಿಗೆಯಿಂದ ಕೈ ಉಳಿದಿತ್ತು. ಅಂದಿನಿಂದ ಅವಳು ಮನೆಮನೆಗೆ ಹೇಳಿಕೊಂಡು ಬಂದಳು.

"ಡಾಕ್ಟ್ರು ಈಗ ಅಂಗೈಯಗಲದೊಳಗೇ ಬತ್ತಾರೆ ಕಣ್ರವ್ವಾ. ಬಸ್ ಚಾರ್ಜಿಲ್ಲ, ಚೀಟಿ ಸಾಲಿಲ್ಲ. ಹೋಗಿ ಕೂತ್ಕಳಿ."

ಜನ ಹೋಗಿ ಕೂತರು. ಆದರೆ ಊರಿನವರಿಗೆ ಫೋನಿನಲ್ಲಿ ಮುಖ ತೋರಿಸುವುದೆಂದರೆ ಫೋಟೋಗೆ ಕೂತ ಹಾಗೆ. ಕೆಮ್ಮು ತೋರಿಸಲು ಬಂದ ಮಾಯಣ್ಣ ಕುತ್ತಿಗೆಯ ತನಕ ಜರಿಶಲ್ಯ ಹೊದ್ದು ಕೂತಿದ್ದ. ಚರ್ಮದ ಕಜ್ಜಿಗೆ ಬಂದ ಹೆಂಗಸರು ಕಜ್ಜಿಯ ಮೇಲೇ ಪೌಡರು ಬಳಿದುಕೊಂಡು ಬಂದರು. "ಅಯ್ಯೋ, ಒರೆಸ್ಕೊಂಡು ಬನ್ರೀ, ಡಾಕ್ಟ್ರು ಹೆಣ್ಣು ನೋಡೋಕೆ ಬಂದಿಲ್ಲ" ಎಂದು ಚೈತ್ರ ಗದರಿಸಿದರೆ ಕೊಠಡಿಯೆಲ್ಲ ನಗುತ್ತಿತ್ತು. ಸಿದ್ದಮ್ಮನ ನಗು ಎಲ್ಲರಿಗಿಂತ ಜೋರು.

ಪಕ್ಕದ ಮನೆಯ ಯೋಗಿತಾ ಹೆತ್ತದ್ದು ಆ ವರ್ಷದ ಮಾಘದಲ್ಲಿ. ಹಾಲ್ಕುರಿಕೆ ಕಡೆಯ ಹುಡುಗಿ, ಚೊಚ್ಚಲ ಹೆರಿಗೆ. ತಾಯಿ ತೀರಿಕೊಂಡಿದ್ದರಿಂದ ಬಾಣಂತನಕ್ಕೆ ತವರಿಗೆ ಹೋಗದೆ ಅತ್ತೆ ನಿಂಗಮ್ಮನ ಹತ್ತಿರವೇ ಉಳಿದಿದ್ದಳು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಬಸುರಿಯಾಗಿದ್ದಾಗ ಸಂಜೆಯ ಹೊತ್ತು ಸಿದ್ದಮ್ಮನ ಜಗಲಿಗೆ ಬಂದು ಕೂತು, "ನಂಗೆ ತವರು ಅಂದ್ರೆ ಈ ಜಗಲಿನೇ ಅಜ್ಜಿ" ಎನ್ನುತ್ತಿದ್ದಳು. ಸಿದ್ದಮ್ಮ ಅವಳಿಗೆಂದು ಬೆಲ್ಲ ಕೊಬ್ಬರಿ ತುರಿದಿಡುತ್ತಿದ್ದಳು.

ಗಂಡು ಮಗು. ಮೂರನೇ ದಿನ ತಿಪಟೂರಿನಿಂದ ಮನೆಗೆ ಬಂತು. ನಾಲ್ಕನೇ ದಿನ ಬೆಳಿಗ್ಗೆ ಚೈತ್ರ ನೋಡಲು ಬಂದಾಗ ಮಗು ಸರಿಯಾಗಿ ಹಾಲು ಕುಡಿಯುತ್ತಿಲ್ಲ, ಎಬ್ಬಿಸಿದರೂ ಮಲಗುತ್ತದೆ ಎಂದು ಯೋಗಿತಾ ಹೇಳಿದಳು. ಡಾಕ್ಟರು ಹನ್ನೊಂದಕ್ಕೆ ಟ್ಯಾಬಿನಲ್ಲಿ ಸಿಗುತ್ತಾರೆ, ತೋರಿಸೋಣ ಎಂದು ಚೈತ್ರ ಟ್ಯಾಬು ತರಲು ಉಪಕೇಂದ್ರಕ್ಕೆ ಹೊರಟಳು.

ನಿಂಗಮ್ಮ ಗೋಡೆಯಾಚೆಯಿಂದಲೇ ಕೂಗಿದಳು. "ಸಿದ್ದಕ್ಕೋ! ಡಾಕ್ಟ್ರು ನೋಡ್ತಾರಂತೆ ನನ್ನ ಮೊಮ್ಮಗನ್ನ. ಹಿಂಗೇ ತೋರ್ಸಕ್ಕಾಯ್ತದಾ? ಪೋನಲ್ಲಿ ಕರ್ರಗೆ ಕಾಣ್ತಾನೆ. ಬೇಗ ಬಂದು ಎರೆದು ಲಕ್ಷಣವಾಗಿ ಮಾಡ್ಕೊಡು."

ಸಿದ್ದಮ್ಮ ಹೋದಳು. ನೀರು ಹದವಾಗಿತ್ತು. ಹಿಟ್ಟು ತೊಳೆದು ಮಗುವಿನ ಅಂಗಾಲು ತಟ್ಟುವಾಗ ಅವಳ ಕೈ ಒಂದು ಕ್ಷಣ ನಿಂತಿತು. ಅಂಗಾಲು ಹಳದಿಯಾಗಿತ್ತು, ಆಗ ತಾನೇ ಒಡೆದ ಹೊಂಬಾಳೆಯ ಬಣ್ಣ. ಎಳೆಮಕ್ಕಳು ಹಳದಿಯಾಗುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಮುಖ ಹಳದಿಯಾಗುತ್ತಿತ್ತು, ಎಳೆಬಿಸಿಲು ತೋರಿಸಿದರೆ ವಾರದಲ್ಲಿ ಇಳಿಯುತ್ತಿತ್ತು. ಅಂಗಾಲಿನವರೆಗೆ ಇಳಿದದ್ದನ್ನು ಕಂಡ ನೆನಪಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ನಿಂಗಮ್ಮ ಬಾಗಿಲಲ್ಲಿ ನಿಂತು, "ಬಂದ್ಬುಟ್ರು ಕಣೇ, ಬೇಗ" ಎಂದು ಅವಸರ ಮಾಡಿದಳು. ಸಿದ್ದಮ್ಮ ಎಂದಿನ ಹಾಗೆ ಅರಿಶಿನ ಹಚ್ಚಿದಳು. ಫೋನಿನಲ್ಲಿ ಕಾಣಲೆಂದು ಎಂದಿಗಿಂತ ಒಂದು ಚಿಟಿಕೆ ಹೆಚ್ಚು.

ನಡುಮನೆಯ ಕಿಟಕಿಯ ಹತ್ತಿರ ಚೈತ್ರ ಟ್ಯಾಬು ಹಿಡಿದಳು. ಅವತ್ತು ಚಿತ್ರ ಒಂದು ಸಲವೂ ಒಡೆಯಲಿಲ್ಲ, ದನಿಯೂ ಎದುರಿಗೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು.

"ಮಗು ಹಳದಿ ಕಾಣ್ತಿದೆಯಲ್ಲ ಸಿಸ್ಟರ್?" ಎಂದರು ಡಾಕ್ಟರು.

"ಅರಿಶಿನ ಸರ್. ಈಗಷ್ಟೇ ಎರೆದಿದ್ದಾರೆ."

"ನಮ್ಮ ಸಿದ್ದಕ್ಕನ ಕೈ ಡಾಕ್ಟ್ರೇ, ಚಿನ್ನದ ಗೊಂಬೆ ಮಾಡವ್ಳೆ!" ಎಂದು ನಿಂಗಮ್ಮ ನಕ್ಕಳು. ಎಲ್ಲರೂ ನಕ್ಕರು. ಸಿದ್ದಮ್ಮನೂ ನಕ್ಕಳು.

ಡಾಕ್ಟರು ನಗಲಿಲ್ಲ. "ಪೂರ್ತಿ ಒರೆಸಿ. ಬೆಳಕಿನಲ್ಲಿ ಮೂಗಿನ ತುದಿ ಒತ್ತಿ ನೋಡಿ. ಅಂಗಾಲು ನೋಡಿ. ಆಮೇಲೂ ಹಳದಿ ಇದ್ರೆ ಇವತ್ತೇ ತಿಪಟೂರಿಗೆ ಕಳಿಸಿ, ಕಾಯಬೇಡಿ."

ಅದೇ ಹೊತ್ತಿಗೆ ಚೈತ್ರಳ ಇನ್ನೊಂದು ಫೋನು ಬಡಿದುಕೊಂಡಿತು. ಪಕ್ಕದ ಹಳ್ಳಿಯಲ್ಲಿ ಹೆರಿಗೆ ನೋವು, ಆಂಬುಲೆನ್ಸು ಇನ್ನೂ ಬಂದಿಲ್ಲ. ಅವಳು ಚಪ್ಪಲಿ ಮೆಟ್ಟುತ್ತಾ, "ಅಜ್ಜಿ, ಡಾಕ್ಟ್ರು ಹೇಳಿದ್ದು ಕೇಳಿಸ್ತಲ್ಲ? ನೀವೇ ಒರೆಸಿ ನೋಡಿ. ಸಂಜೆ ಫೋನ್ ಮಾಡ್ತೀನಿ" ಎಂದು ಸ್ಕೂಟರು ಹತ್ತಿದಳು.

ಮಧ್ಯಾಹ್ನ ನಿಂಗಮ್ಮ ಅಡುಗೆಮನೆಯಲ್ಲಿದ್ದಳು. ಯೋಗಿತಾಳ ಕಣ್ಣು ತಾನಾಗಿ ಮುಚ್ಚುತ್ತಿತ್ತು.

"ಅಜ್ಜಿ, ನಾಲ್ಕು ದಿನದಿಂದ ರೆಪ್ಪೆ ಹಾಕಿಲ್ಲ. ನೀವಿದ್ದೀರಲ್ಲ, ಸ್ವಲ್ಪ ಮಲಗ್ಲಾ?"

"ಮನಿಕ್ಕೋ ತಾಯಿ. ನಾನಿವ್ನಿ."

ಯೋಗಿತಾ ಗೋಡೆಯ ಕಡೆ ತಿರುಗಿ ಮಲಗಿದಳು. ಸಿದ್ದಮ್ಮ ಬಿಸಿನೀರಿನ ಬಟ್ಟೆಯಿಂದ ಮಗುವಿನ ಮೈ ಒರೆಸಿದಳು. ಹಿಟ್ಟು ಹಾಕಿ ಮತ್ತೊಮ್ಮೆ ಒರೆಸಿದಳು. ಬಾಗಿಲ ಬೆಳಕಿಗೆ ಹಿಡಿದು ಮೂಗಿನ ತುದಿ ಒತ್ತಿದಳು. ಬೆರಳು ತೆಗೆದ ಜಾಗದಲ್ಲಿ ಹಳದಿ ಹಾಗೆಯೇ ಇತ್ತು. ಅರಿಶಿನ ಮೂರು ದಿನ ಮೈ ಬಿಡುವುದಿಲ್ಲ, ಎಷ್ಟೋ ತಾಯಂದಿರಿಗೆ ತಾನೇ ಹೇಳಿದ್ದಳಲ್ಲ. ಆ ಮಾತನ್ನು ತನಗೆ ತಾನೇ ಹೇಳಿಕೊಂಡಳು. ಅಂಗಾಲು ನೋಡಿದಳು. ಅಂಗಾಲಿಗೆ ಅವಳು ಯಾವ ಮಗುವಿಗೂ ಅರಿಶಿನ ಹಚ್ಚಿದವಳಲ್ಲ.

ಸಂಜೆ ರಂಗರಾಜುವಿನ ಫೋನಿಗೆ ಚೈತ್ರಳ ಕರೆ ಬಂತು.

"ಅಜ್ಜಿ, ಒರೆಸಿದ್ರಾ? ಪಾದ ನೋಡಿದ್ರಾ?"

ಯೋಗಿತಾ ಇನ್ನೂ ನಿದ್ದೆಯಲ್ಲಿದ್ದಳು, ಬಾಯಿ ಚೂರು ತೆರೆದು, ಹುಡುಗಿಯ ಹಾಗೆ. ಮತ್ತೆ ಆಟೋ, ಮತ್ತೆ ಆಸ್ಪತ್ರೆಯ ಬೆಂಚು, ಹಸಿ ಬಾಣಂತಿಗೆ ಮಾಘದ ಗಾಳಿ. ಬೆಳಿಗ್ಗೆ ಎಳೆಬಿಸಿಲು ತೋರಿಸಿ ನೋಡೋಣ, ಇಳಿಯದಿದ್ದರೆ ತಾನೇ ಹೇಳಿದರಾಯಿತು. ಎರೆದವಳ ಕೈಯಿಂದ ಮಗು ಆಸ್ಪತ್ರೆಗೆ ಹೋಯಿತು ಎನ್ನುವ ಮಾತು ಅವಳ ಬದುಕಿನಲ್ಲಿ ಒಮ್ಮೆಯೂ ಬಂದಿರಲಿಲ್ಲ. ಇವುಗಳಲ್ಲಿ ಯಾವುದು ಮುಂದೆ ನುಗ್ಗಿತೋ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

"ಹೋಗೈತೆ ಕಣವ್ವ. ಚೆನ್ನಾಗವ್ನೆ."

"ಅಬ್ಬ, ಸದ್ಯ" ಎಂದಳು ಚೈತ್ರ.

ಐದನೇ ದಿನ ಮೋಡ ಕವಿದಿತ್ತು. ನಾಳೆ ನೋಡೋಣ ಅಂದುಕೊಂಡಳು. ಮನೆಯವರು ಆ ಹಳದಿಯನ್ನು ಇನ್ನೂ ಅರಿಶಿನದ್ದೆಂದೇ ತಿಳಿದಿದ್ದರು. ಆರನೇ ದಿನ ಬೆಳಗಾಗುತ್ತಲೇ ಮಗು ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸಿ ಕಿರುಚಿತು. ಅಂಥ ದನಿಯನ್ನು ಸಿದ್ದಮ್ಮ ಯಾವ ಮಗುವಿನ ಗಂಟಲಿನಲ್ಲೂ ಕೇಳಿರಲಿಲ್ಲ. ತಿಪಟೂರಿಗೆ, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಮೈಯ ರಕ್ತವನ್ನೇ ಬದಲಾಯಿಸಿದರು. ಎರಡು ದಿನ ಮೊದಲು ಬಂದಿದ್ದರೆ ಎಂದು ಅಲ್ಲಿನ ಡಾಕ್ಟರು ಹೇಳಿ, ಮಾತನ್ನು ಅಲ್ಲಿಗೇ ನಿಲ್ಲಿಸಿದರಂತೆ.

ಮಗು ಉಳಿಯಿತು. ಮನ್ವಿತ್ ಎಂದು ಹೆಸರಿಟ್ಟರು. ಆರು ತಿಂಗಳಾದರೂ ಕುತ್ತಿಗೆ ನಿಲ್ಲಲಿಲ್ಲ. ಅಟ್ಟದಿಂದ ಕೊಬ್ಬರಿ ಗಿಟುಕು ನೆಲಕ್ಕೆ ಸುರಿಯುವ ಸದ್ದಿಗೆ ಬೀದಿಯಾಚೆಯ ಕೂಸುಗಳೆಲ್ಲ ಬೆಚ್ಚಿ ಅಳುತ್ತಿದ್ದರೆ, ಸದ್ದಿನ ಪಕ್ಕದಲ್ಲೇ ಮಲಗಿದ್ದ ಮನ್ವಿತ್ ತನ್ನ ಪಾಡಿಗೆ ತೊಟ್ಟಿಲ ಹಗ್ಗ ನೋಡುತ್ತಿದ್ದ. ಕಿವಿ ಕೇಳುವುದಿಲ್ಲ, ಕೈಕಾಲುಗಳ ಸೆಡೆತ ಪೂರ್ತಿ ಹೋಗುವುದಿಲ್ಲ ಎಂದು ಪರೀಕ್ಷೆ ಮಾಡಿದವರು ಹೇಳಿದರು.

ಊರಿನವರು ಚೈತ್ರಳನ್ನು ಹಿಡಿದುಕೊಂಡರು. "ಟ್ಯಾಬು ನಂಬಿ ಕೆಟ್ವಿ, ಅರಿಶಿನ ಯಾವ್ದು ಕಾಮಾಲೆ ಯಾವ್ದು ಗೊತ್ತಾಗ್ದಿರೋ ಹುಡುಗಿ" ಎಂದರು. ಯೋಗಿತಾ ಹುಚ್ಚಿಯಂತೆ ಉಪಕೇಂದ್ರದ ಬಾಗಿಲಿಗೆ ಹೋಗಿ ಬೈದು ಬಂದಳು. ಚೈತ್ರ ಸಿದ್ದಮ್ಮನ ಹೆಸರೆತ್ತಲಿಲ್ಲ. ಆಮೇಲೊಂದು ದಿನ ಸಿದ್ದಮ್ಮನ ಜಗಲಿಯ ಮುಂದೆ ಸ್ಕೂಟರು ನಿಲ್ಲಿಸಿದಳು. ಇಳಿಯಲಿಲ್ಲ. "ಹೋಗೈತೆ ಅಂದಿದ್ರಿ ಅಲ್ವಾ ಅಜ್ಜಿ?" ಎಂದು ಕೇಳಿದಳು. ಸಿದ್ದಮ್ಮ ನೆಲ ನೋಡಿದಳು. ಚೈತ್ರ ಗಾಡಿ ತಿರುಗಿಸಿದಳು. ಮುಂದಿನ ತಿಂಗಳು ಅವಳಿಗೆ ಹುಳಿಯಾರು ಕಡೆಗೆ ವರ್ಗವಾಯಿತು.

ಸಿದ್ದಮ್ಮ ಎರೆಯುವುದನ್ನು ಬಿಟ್ಟಳು. ಕರೆಯಲು ಬಂದವರಿಗೆಲ್ಲ "ಮಂಡಿ ನೋವು ಬುಡವ್ವಾ" ಎನ್ನುವಳು. ವಯಸ್ಸಾಯಿತು ಎಂದು ಜನ ಒಪ್ಪಿಕೊಂಡರು. ಒಂದು ಮಗುವಿಗೆ ಮಾತ್ರ ಮಂಡಿ ನೋವು ಅಡ್ಡ ಬರಲಿಲ್ಲ. ಮನ್ವಿತನಿಗೆ ದಿನಾ ಎಣ್ಣೆ ತಿಕ್ಕಿ, ಸೆಟೆದ ಕಾಲನ್ನು ತೊಡೆಯ ಮೇಲಿಟ್ಟು ಗಳಿಗೆಗಟ್ಟಲೆ ನೀವುತ್ತಿದ್ದಳು. ಮೂರೂವರೆ ವರ್ಷಕ್ಕೆ ಅವನು ಒರಗಿಕೊಂಡು ಕೂರುವಂತಾದ.

ಮೈಸೂರಿನ ಸಂಸ್ಥೆಯೊಂದರ ಕೋಮಲಾ ಮೇಡಂ ಗುರುವಾರ ಮೂರು ಗಂಟೆಗೆ ವೀಡಿಯೊದಲ್ಲಿ ಬರಲು ಶುರುವಾದದ್ದು ಆಮೇಲೆ. ಯೋಗಿತಾ ತಮ್ಮ ಮನೆಯ ಜಗಲಿಯಲ್ಲಿ ರಾಗಿ ಡಬ್ಬಕ್ಕೆ ಫೋನು ಒರಗಿಸುತ್ತಿದ್ದಳು. ಮೇಡಂ ಕಾಲು ಹೇಗೆ ಮಡಿಸಬೇಕು, ಸೊಂಟ ಎಲ್ಲಿ ಹಿಡಿಯಬೇಕು ಎಂದು ಗೊಂಬೆಯ ಮೇಲೆ ತೋರಿಸುವರು. ಉಳಿದ ಅರ್ಧ ಗಂಟೆ ಕೈಸನ್ನೆಯ ಪಾಠ. ಹಾಲು, ನೀರು, ಸಾಕು, ಬೇಕು. ಯೋಗಿತಾ ಒಂದು ನೋಟುಬುಕ್ಕಿನ ತುಂಬ ಕೈಗಳ ಚಿತ್ರ ಬರೆದುಕೊಂಡಿದ್ದಳು.

"ಅಜ್ಜಿ, ನಿಮ್ಮ ಕೈ ನೋಡಿ ನಾನು ಕಲೀಬೇಕು" ಎಂದು ಮೇಡಂ ಒಮ್ಮೆ ಹೊಗಳಿದಾಗ ಸಿದ್ದಮ್ಮ ಎದ್ದು ಒಳಗೆ ಹೋಗಿಬಿಟ್ಟಳು. ನಾಚಿಕೆ ಎಂದು ಯೋಗಿತಾ ನಕ್ಕಳು.

ಮನ್ವಿತನಿಗೆ ನಾಲ್ಕು ತುಂಬಿದ ಮೇಲಿನ ಒಂದು ಗುರುವಾರ ಮೇಡಂ ಹೊಸದೊಂದು ಪಾಠ ತೆಗೆದರು. ಕಿವಿ ಕೇಳದ ಮಕ್ಕಳು ತಮ್ಮವರಿಗೆಲ್ಲ ಒಂದೊಂದು ಸನ್ನೆಯ ಹೆಸರು ಇಡುತ್ತಾರೆ, ಇವನು ಏನಿಡುತ್ತಾನೋ ನೋಡೋಣ ಎಂದರು. ಯೋಗಿತಾ ತನ್ನನ್ನು ತೋರಿಸಿಕೊಂಡಳು. ಮನ್ವಿತ್ ಸೊಟ್ಟ ಬೆರಳನ್ನು ಕಷ್ಟಪಟ್ಟು ಮೂಗಿನ ಹತ್ತಿರ ತಂದ. ಮೂಗುಬೊಟ್ಟು. ಆಮೇಲೆ ಸಿದ್ದಮ್ಮನನ್ನು ತೋರಿಸಿದಳು. ಅವನು ಬಹಳ ಹೊತ್ತು ಯೋಚಿಸಿ, ಮುಷ್ಟಿಯನ್ನು ತನ್ನ ಮೊಣಕಾಲಿನಿಂದ ಪಾದದ ತನಕ ಎಳೆದ. ಮತ್ತೆ ಎಳೆದ. ಮುಖವೆಲ್ಲ ನಗು.

"ಎಷ್ಟು ಚೆನ್ನಾಗಿದೆ!" ಎಂದು ಮೇಡಂ ಚಪ್ಪಾಳೆ ತಟ್ಟಿದರು. "ಇನ್ಮೇಲೆ ಇದೇ ಅಜ್ಜಿ ಹೆಸರು."

ಕೊನೆಗೆ ಮೇಡಂ ಯಾವುದೋ ಫಾರಂ ತುಂಬಬೇಕೆಂದು ಕೆಲವು ಪ್ರಶ್ನೆ ಕೇಳಿದರು. ಮಗುವಿನ ತೂಕ, ಅತ್ತದ್ದು ಯಾವಾಗ, ಹಳದಿ ಮೊದಲು ಕಂಡದ್ದು ಯಾವ ದಿನ.

"ಗೊತ್ತಿಲ್ಲ ಮೇಡಂ" ಎಂದಳು ಯೋಗಿತಾ. "ನಾಲ್ಕನೇ ದಿನ ಮಧ್ಯಾಹ್ನದಿಂದ ರಾತ್ರಿ ತನಕ ನಾನು ಮಲಗ್ಬಿಟ್ಟಿದ್ದೆ. ಎದ್ದಿದ್ರೆ ನಂಗೆ ಕಾಣಿಸ್ತಿತ್ತೇನೋ."

ಫೋನು ಆರಿದ ಮೇಲೆ ಜಗಲಿಯಲ್ಲಿ ಮೂವರೇ ಉಳಿದರು. ಮನ್ವಿತ್ ಸಿದ್ದಮ್ಮನ ಕಾಲ ಮೇಲೆ ಒರಗಿದ್ದ.

"ಆ ನಿದ್ದೆ ವಿಷಯ ಯಾಕವ್ವ ಹೇಳ್ದೆ ಅವರಿಗೆ?" ಎಂದಳು ಸಿದ್ದಮ್ಮ.

"ನಿಜ ಅಲ್ವಾ ಅಜ್ಜಿ? ಹೆತ್ತೋಳಿಗೆ ನಿದ್ದೆ ಹೆಂಗ್ ಬಂತು ಅಂತ ಅತ್ತೆ ಈಗ್ಲೂ ಅಂತಾರೆ." ಯೋಗಿತಾ ನೋಟುಬುಕ್ಕು ಮುಚ್ಚಿದಳು. "ಅವತ್ತಿಂದ ಫೋನಲ್ಲಿ ಎರಡೆರಡು ಗಂಟೆಗೆ ಅಲಾರಂ ಇಟ್ಕೊಂಡು ಮಲಗ್ತೀನಿ. ಎದ್ದು ಇವನ ಪಾದ ನೋಡಿ ಮತ್ತೆ ಮಲಗ್ತೀನಿ. ಈಗ ನೋಡಿ ಏನು ಬಂತು ಹೇಳಿ. ಆದ್ರೂ ನೋಡ್ತೀನಿ."

ನಾಲ್ಕು ವರ್ಷ ಗೋಡೆಯ ಆಚೆಯಿಂದ ಆ ಅಲಾರಂ ಕೇಳಿಸುತ್ತಿತ್ತು. ಔಷಧಿಯ ಹೊತ್ತು ಎಂದು ಸಿದ್ದಮ್ಮ ತಿಳಿದಿದ್ದಳು.

ಅವಳು ಮನ್ವಿತನ ಕಾಲು ನೀವುವುದನ್ನು ನಿಲ್ಲಿಸಿದಳು. ಹೇಳಿದರೆ ಈ ಕಾಲು ತನ್ನ ಕೈಗೆ ಮತ್ತೆ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ತಲೆಯೆತ್ತಿ, ಮುಷ್ಟಿಯನ್ನು ಮೊಣಕಾಲಿಂದ ಕೆಳಗೆ ಎಳೆದು ಅವಳನ್ನು ಕರೆದ.

"ನಾನು ನೋಡಿದ್ದೆ ಯೋಗಿ" ಎಂದಳು.

"ಏನನ್ನ?"

"ಪಾದ. ಹಳದಿ ಇತ್ತು. ಎರೆಯುವಾಗ್ಲೇ ಇತ್ತು, ನೀನು ಮನಿಕ್ಕಂಡ ಮೇಲೆ ಒರೆಸಿ ನೋಡಿದಾಗ್ಲೂ ಇತ್ತು. ಅಂಗಾಲಿಗೆ ನಾನು ಅರಿಶಿನ ಹಾಕಲ್ಲ ತಾಯಿ. ಚೈತ್ರವ್ವ ಪೋನ್ ಮಾಡಿ ಕೇಳಿದ್ಲು. ಹೋಗೈತೆ ಅಂದ್ಬುಟ್ಟೆ."

ಯೋಗಿತಾ ಅರ್ಥವಾಗದವಳಂತೆ ಅವಳ ಬಾಯಿಯನ್ನೇ ನೋಡುತ್ತಿದ್ದಳು, ಮನ್ವಿತ್ ಜನರ ಬಾಯಿ ನೋಡುವ ಹಾಗೆ.

"ಅದ್ಯಾಕೆ?"

"ಗೊತ್ತಿಲ್ಲ ಕಣವ್ವ. ನೀನು ಮಲಗಿದ್ದೆ. ಬೆಳಿಗ್ಗೆ ಬಿಸಿಲು ಕಾಯಿಸಾನ ಅಂದ್ಕಂಡೆ. ಮೋಡ ಬಂದುಬುಡ್ತು."

"ಚೈತ್ರ ಮೇಡಂನ ಬಾಗಿಲಲ್ಲಿ ನಿಂತು ಬೈದೆ ನಾನು. ಮಣ್ಣು ತೂರ್ದೆ ಅಜ್ಜಿ. ನೀವು ಇಲ್ಲೇ ಇದ್ರಿ."

"ಇದ್ದೆ."

"ಸಾರು ತಂದುಕೊಟ್ರಿ ಅವತ್ತು ಸಂಜೆ."

ಸಿದ್ದಮ್ಮ ತಲೆಯಾಡಿಸಿದಳು. ತೋಟದ ಕಡೆಯಿಂದ ಗರಿಯೊಂದು ಬಿದ್ದ ಸದ್ದಾಯಿತು. ಇಬ್ಬರೂ ಅತ್ತ ತಿರುಗಲಿಲ್ಲ.

"ಬೈದುಬುಡು ಯೋಗಿ."

ಯೋಗಿತಾ ಬೈಯಲಿಲ್ಲ. ತೀರ ಮೆಲ್ಲಗೆ ಕೇಳಿದಳು.

"ನನ್ನ ಎಬ್ಬಿಸಬಾರದಿತ್ತಾ ಅಜ್ಜಿ?"

ಈ ನಾಲ್ಕು ವರ್ಷದಲ್ಲಿ ಸಿದ್ದಮ್ಮ ತನಗೆ ತಾನೇ ಎಷ್ಟೋ ಪ್ರಶ್ನೆ ಹಾಕಿಕೊಂಡಿದ್ದಳು. ಇದೊಂದು ಅವಳಿಗೆ ಹೊಳೆದಿರಲಿಲ್ಲ. ಒಂದು ಮಾರು ದೂರದಲ್ಲಿ ತಾಯಿ ಮಲಗಿದ್ದಳು. ಭುಜ ಮುಟ್ಟಿದ್ದರೆ ಸಾಕಿತ್ತು.

ಯೋಗಿತಾ ಬಗ್ಗಿ ಮಗುವನ್ನು ಎತ್ತಿಕೊಂಡಳು. ಮನ್ವಿತನಿಗೆ ನೀವುವುದು ಅರ್ಧಕ್ಕೆ ನಿಂತದ್ದು ಇಷ್ಟವಾಗಲಿಲ್ಲ. ತಾಯಿಯ ಹೆಗಲ ಮೇಲಿಂದ ಸಿದ್ದಮ್ಮನ ಕಡೆ ವಾಲಿ, ತಾನು ಹೊಸದಾಗಿ ಇಟ್ಟ ಹೆಸರನ್ನು ಮತ್ತೆ ಮತ್ತೆ ಹೇಳತೊಡಗಿದ, ಮುಷ್ಟಿ ಮೊಣಕಾಲಿಂದ ಕೆಳಕ್ಕೆ, ಮೊಣಕಾಲಿಂದ ಕೆಳಕ್ಕೆ. ಯೋಗಿತಾ ಅವನ ಕೈಯನ್ನು ತನ್ನ ಕೈಯೊಳಗೆ ಹಿಡಿದು ನಿಲ್ಲಿಸಿದಳು.

"ನಾಳೆಯಿಂದ ಬರಬೇಡಿ" ಎಂದಳು. ಒಳಗೆ ಹೋದಳು.

ಅವಳು ನಿಂಗಮ್ಮನಿಗೆ ಹೇಳಿದಂತೆ ಕಾಣಲಿಲ್ಲ. ಬೀದಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಸಿದ್ದಮ್ಮ ಸೋಮವಾರ ರಂಗರಾಜುವಿನ ಫೋನಿನಿಂದ ಚೈತ್ರಳ ಹಳೆಯ ನಂಬರಿಗೆ ಕರೆ ಮಾಡಿಸಿದಳು. ಮಗನನ್ನು ಹೊರಗೆ ಕಳಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಚೆ ಕಡೆ ಚೈತ್ರ ಪೂರ್ತಿ ಕೇಳಿಸಿಕೊಂಡಳು. "ಯೋಗಿತಾಗೆ ಹೇಳಿದ್ರಾ?" ಎಂದು ಕೇಳಿದಳು. ಹೇಳಿದೆ ಎಂದ ಮೇಲೆ, "ಸರಿ ಅಜ್ಜಿ, ಇಲ್ಲಿ ಪೇಷಂಟ್ ಕಾಯ್ತಿದ್ದಾರೆ" ಎಂದು ಫೋನಿಟ್ಟಳು.

ಗುರುವಾರ ಮೂರು ಗಂಟೆಗೆ ಸಿದ್ದಮ್ಮ ತನ್ನ ಮನೆಯೊಳಗೆ ಗೋಡೆಗೊರಗಿ ಕೂತಿದ್ದಳು. ಗೋಡೆಯಾಚೆಯ ಜಗಲಿಯಲ್ಲಿ ಫೋನು ಹೊಂದಿಸುವ ಸದ್ದಾಯಿತು. ಆಮೇಲೆ ಕೋಮಲಾ ಮೇಡಂ ದನಿ, ಮೈಸೂರಿನಿಂದ, ಒಂದಕ್ಷರವೂ ಕಳೆಯದ ಹಾಗೆ.

"ಏನು ಮನ್ವಿತ್ ಮುಖ ಸಪ್ಪಗಿದೆ? ಅಜ್ಜಿ ಬಂದಿಲ್ವಾ ಇವತ್ತು?"

ಮನ್ವಿತ್ ನರಳುವುದು ಕೇಳಿಸಿತು, ಕಾಲು ಸೆಟೆದಾಗ ನರಳುವ ದನಿ.

"ಇಲ್ಲ ಮೇಡಂ" ಎಂದಳು ಯೋಗಿತಾ. "ಅವರು ಬರಲ್ಲ. ಕಾಲು ಹೆಂಗೆ ಹಿಡ್ಕೋಬೇಕು ಅಂತ ನಂಗೆ ಮೊದಲಿಂದ ಹೇಳ್ಕೊಡಿ."